ಎಲುಬಿನ ಮೇಲೆ ಕೂರಬೇಕು

ಚಿಕ್ಕಮಗಳೂರು, ಬೇಲೂರು ರಸ್ತೆ, ನಮ್ಮ ಶೆಡ್ಡು.
ಕಾರು ಇನ್ನೂ ಕಾರಲ್ಲ, ಪೈಪುಗಳ ಗೂಡು.
ಬಾಗಿಲಿಲ್ಲ, ಗಾಜಿಲ್ಲ, ಇಂಜಿನ್ನು ಗುಜರಿಯ ಮಾರುತಿಯದು.
ಸೀಟು ಮಾತ್ರ ಹೊಸದು.
ಅದರಲ್ಲಿ ಜಸಿಂತಾ ಕೂತಿದ್ದಾಳೆ, ಚಪ್ಪಲಿ ಕಳಚಿ,
ಅರ್ಧ ಗಂಟೆಯಿಂದ.
ಹದಿನಾರು ವರ್ಷ ಎಸ್ಟೇಟಿನ ಪಿಕಪ್ಪು ಓಡಿಸಿದವಳಿಗೆ
ಈಗ, ನಲವತ್ತನಾಲ್ಕರಲ್ಲಿ,
ಮಣ್ಣಿನ ಟ್ರ್ಯಾಕಿನ ಮೇಲೆ ಗಡಿಯಾರದ ಎದುರು ಓಡಿಸುವ ಆಸೆ.

ನಾನು ಗೇಟು ಮಾಡುವವನು.
ಗ್ರಿಲ್ಲು, ಶಟರು, ನೀರಿನ ಟ್ಯಾಂಕಿಗೆ ಸ್ಟ್ಯಾಂಡು.
ಮನುಷ್ಯರನ್ನು ಅಳೆದು ಗೊತ್ತಿಲ್ಲ.
"ಸೊಂಟದ ಎಲುಬು ಎಲ್ಲಿದೆ, ತೋರಿಸು" ಅಂದೆ.
ತೌಸೀಫ್ ಟೀ ತರುವ ನೆಪದಲ್ಲಿ ಹೊರನಡೆದ.
ಹತ್ತೊಂಬತ್ತು ವರ್ಷದ ಸಂಸಾರ;
ಎಲುಬಿನ ಜಾಗ ಗೊತ್ತಾಗಿದ್ದು ಇವತ್ತು,
ಟೇಪು ಹಿಡಿದು.
ಪಟ್ಟಿ ಅಲ್ಲಿ ಕೂರಬೇಕು, ಎಲುಬಿನ ಮೇಲೆ.
ಒಂದಂಗುಲ ಮೇಲೆ ಜರುಗಿದರೆ ಹೊಟ್ಟೆ,
ಹೊಟ್ಟೆ ಮೆತ್ತಗೆ, ಅಲ್ಲಿ ಹಳೆಯ ಹೊಲಿಗೆಯಿದೆ,
ನಮ್ಮ ರೋಶನ್ ಹೊರಬಂದ ಬಾಗಿಲು.
"ಅಲ್ಲಿಗೆ ಪಟ್ಟಿ ಬರಬಾರದು" ಅಂದೆ.
"ಕಚಗುಳಿ" ಅಂದಳು.

ಬೋಲ್ಟಿಗೆ ಹಾಸನಕ್ಕೆ ಹೋದೆ, ಬೆಳಗಿನ ಬಸ್ಸಿಗೆ.
ತಲೆಯ ಮೇಲೆ ಎಂಟು ಚುಕ್ಕೆ ಎಂಟು ಅಂತ ಕೆತ್ತಿದ್ದೇ ಬೇಕು.
ಅಂಗಡಿಯವನು ಕೇಳಿದ: "ಯಾತಕ್ಕೆ, ಟ್ರ್ಯಾಕ್ಟರಿಗಾ?"
"ಹೆಂಡತಿಗೆ."
ಆತ ನಗಲಿಲ್ಲ. ಎಣಿಸಿ ಆರು ಕೊಟ್ಟ,
ಯೋಚಿಸಿ ಇನ್ನೊಂದು ಇಟ್ಟ,
ಅದಕ್ಕೆ ದುಡ್ಡು ಹಿಡಿಯಲಿಲ್ಲ.

ನೆಲದ ತಗಡು ಒಂದು ಮಿಲಿಯೂ ಇಲ್ಲ.
ಅದಕ್ಕೇ ತೂತು ಕೊರೆದು ಬಿಗಿದರೆ
ಹಳೇ ಅಂಗಿಯ ಗುಂಡಿ ಹಾಗೆ, ಬಟ್ಟೆ ಸಮೇತ ಕಿತ್ತು ಬರುತ್ತದೆ.
ಅಡಿಗೆ ಅಂಗೈಯಗಲದ ಪ್ಲೇಟು ಕೊಟ್ಟೆ, ಮೂರು ಮಿಲಿಯದು,
ಮೂಲೆಗಳನ್ನು ದುಂಡಗೆ ಉಜ್ಜಿ.
ಚೂಪು ಮೂಲೆ, ಎಳೆತ ಬಿದ್ದಾಗ,
ತಾನು ಕಾಯಬೇಕಾದ ತಗಡನ್ನೇ ಕೊಯ್ಯುತ್ತದೆ.

ಭುಜದ ಪಟ್ಟಿಯಲ್ಲಿ ತಪ್ಪಿದೆ.
ಮೊದಲು ಅದನ್ನೂ ನೆಲಕ್ಕೇ ಕಟ್ಟಿದ್ದೆ, ಸೀಟಿನ ಹಿಂದೆ, ಸುಲಭ ಅಂತ.
ರಾತ್ರಿ ಮಗ್ಗುಲು ಬದಲಿಸುವಾಗ ಹೊಳೆಯಿತು:
ಗುದ್ದಿದ ಕ್ಷಣ ಅದು ಹಿಂದಕ್ಕೆ ಹಿಡಿಯುವುದಿಲ್ಲ,
ಕೆಳಕ್ಕೆ ಜಗ್ಗುತ್ತದೆ,
ಕಾಫಿ ಮೂಟೆ ತುಳಿದು ತುಂಬುವ ಹಾಗೆ
ಅವಳ ಬೆನ್ನಹುರಿ ಅದುಮಿ.
ಎದ್ದು ಹೋಗಿ ಎರಡು ಗಂಟೆಗೆ ಗ್ರೈಂಡರ್ ಹಾಕಿದೆ.
ಎದುರುಮನೆಯ ನಾಯಿ ಬೊಗಳಿತು,
ಆಮೇಲೆ ಎದುರುಮನೆಯ ಶಂಕರಲಿಂಗಪ್ಪನೂ.

ಈಗ ಭುಜದ ಮಟ್ಟಕ್ಕೇ ಒಂದು ಅಡ್ಡಪೈಪು.
ಗಾರೆಯವರ ದಾರ ಕಟ್ಟಿ ನೋಡಿದೆ.
ಭುಜದಿಂದ ಪೈಪಿಗೆ ಒಂಚೂರೇ ಇಳಿಜಾರು,
ಬಚ್ಚಲಿನ ನೀರು ಹರಿಯಲು ಕೊಡುವಷ್ಟು ವಾಟ.

"ಇಷ್ಟೆಲ್ಲ ಯಾಕೆ?" ಅಂದಳು.
ಲೆಕ್ಕ ಹೇಳಿದೆ: ನಿನ್ನ ತೂಕ ಅರವತ್ತೊಂದು.
ದಿಣ್ಣೆಗೆ ಗುದ್ದಿ ನಿಂತ ಕ್ಷಣಕ್ಕೆ ಅದರ ಇಪ್ಪತ್ತು ಪಟ್ಟು.
ಆಗ ನೀನು ಈ ಇಡೀ ಕಾರಿಗಿಂತ ಭಾರ.
ತುಸು ಹೊತ್ತು ಸುಮ್ಮನಿದ್ದು
"ಮದುವೆಗೆ ಮೊದಲೇ ಕೇಳಬೇಕಿತ್ತು ನೀನು" ಅಂದಳು.

ಸಂಜೆ ಚೈನ್‌ಬ್ಲಾಕಿನ ಕೊಕ್ಕೆಯನ್ನು ಆ ಅಡ್ಡಪೈಪಿಗೇ ಸಿಕ್ಕಿಸಿ
ಕಾರು ಎತ್ತಿದೆವು.
ಹಿಂದಿನ ಚಕ್ರ ನೆಲ ಬಿಟ್ಟವು, ಆಮೇಲೆ ಮುಂದಿನವು.
ತೂಗಿತು. ವೆಲ್ಡು ಕಿರ್ ಎನ್ನಲಿಲ್ಲ.
ತೌಸೀಫ್ ಚಪ್ಪಾಳೆ ತಟ್ಟಿದ.
ನಾನು ತಟ್ಟಲಿಲ್ಲ.
ಇದು ಬರೀ ಕಾರಿನ ತೂಕ.

ಇಳಿಸಿ, ಅವಳನ್ನು ಕೂರಿಸಿ,
ಆರೂ ಪಟ್ಟಿ ನಡುವಿನ ಬಕಲಿಗೆ ತಂದು ಬಿಗಿದೆ,
ಉಸಿರಿಗೆ ಮಾತ್ರ ಜಾಗ ಬಿಟ್ಟು.
"ಸ್ಟಾರ್ಟ್ ಮಾಡು."
ಕೈ ಚಾಚಿದಳು.
ಮತ್ತೆ ಚಾಚಿದಳು.
ಬೆರಳಿಗೂ ಕೀಗೂ ನಡುವೆ ಒಂದು ಗೇಣು.

ಎಲ್ಲ ಅಳೆದಿದ್ದೆ, ಕೈಯೊಂದನ್ನು ಬಿಟ್ಟು.
ಬಿಚ್ಚಲು ಹೋದರೆ ಬೇಡವೆಂದಳು.
"ಚಾಕ್ ಕೊಡು."
ಕೈ ಎಟುಕಿದ ಪೈಪಿನ ಮೇಲೆ
ಅವಳೇ ಒಂದು ಗೀಟು ಎಳೆದಳು,
ಸ್ವಲ್ಪ ಸೊಟ್ಟ.