ಕಾಟಾ ಚೀಟಿ

ಸಿಂಧನೂರು ಸರ್ಕಾರಿ ದವಾಖಾನೆ. ಸಂಜೆ ಐದೂ ಹನ್ನೆರಡು.
ಸ್ಟ್ರೆಚರ್ ಮೇಲೆ ಹುಸೇನಪ್ಪ, ಅಕ್ಕಿ ಗಿರಣಿಯ ಕಾಟಾ ಬರೆಯುವವ.
ಬಾಯಿ ಎಡಕ್ಕೆ ಎಳೆದಿದೆ, ಬಲಗೈ
ಯಾರೋ ಮರೆತುಹೋದ ಟವೆಲ್ಲಿನಂತೆ ಜೋತುಬಿದ್ದಿದೆ.

ನಾನು ಮೊದಲು ಕೇಳುವುದು ಒಂದೇ,
ಹೆಸರಿಗಿಂತ ಮೊದಲು, ಆಧಾರ್ ಕಾರ್ಡಿಗಿಂತ ಮೊದಲು:
"ಕೊನೀಗೆ ಚಲೋ ಇದ್ದದ್ದು ಎಷ್ಟೊತ್ತಿಗೆ?"

ಇದಕ್ಕೆ ಗಡಿಯಾರದ ಉತ್ತರ ಇಲ್ಲಿ ಸಿಗುವುದಿಲ್ಲ.
ಕರೆಂಟು ಹೋದಾಗ ಚಲೋ ಇದ್ದಳು, ಅನ್ನುತ್ತಾರೆ.
ಅಸರ್ ಆಜಾನ್ ಆಗೋಮುಂದ ಎದ್ದು ಕುಂತಿದ್ದ.
ಕೆನಾಲಿಗೆ ನೀರು ಬಿಟ್ಟರಂತ ಹೇಳಾಕ ಬಂದಿದ್ದ, ಆಗ ನಕ್ಕಿದ್ದ.
ಆ ನಗುವನ್ನು ನಿಮಿಷಕ್ಕೆ ತಿರುಗಿಸಿ ಬರೆದುಕೊಳ್ಳುತ್ತೇನೆ,
ಹದಿನಾರು ವರ್ಷದಿಂದ, ನೀಲಿ ಪೆನ್ನಿನಲ್ಲಿ.

ಯಂಕಮ್ಮ ಮಾತ್ರ ಥಟ್ಟನೆ ಹೇಳಿದಳು:
"ಐದಕ್ಕ ಸಿಸ್ಟರ್. ಈಗ, ಈಗ ಹೊಡೀತ್ರಿ ಲಕ್ವಾ."
ಅಷ್ಟು ನೆಟ್ಟಗೆ ಯಾರೂ ಹೇಳುವುದಿಲ್ಲ.
ಅವನ ಕಿವಿಯ ಹಿಂದೆ ಒಂದು ಬೂದು ಗರಿ,
ಅಂಗೈಯಲ್ಲಿ ಒಣಗಿದ ಕೆಂಪು.
ಪಾರಿವಾಳ.
ಯಾವ ಓಣಿ, ಯಾರ ಮನೆ, ಎಷ್ಟು ರೊಕ್ಕ, ಕೇಳಲಿಲ್ಲ ನಾನು.
ನಮ್ಮಪ್ಪನಿಗೂ ಅದನ್ನೇ ಹಚ್ಚಿದ್ದೆವು, ನಾನಾಗ ಎಂಟನೇತ್ತ.

"ತಡಾ ಆದ್ರ ಸೂಜಿ ಹಾಕಂಗಿಲ್ಲಂತ
ಆಟೋದಾವ ಹೇಳಿದ್ದ," ಮಗಳು ಪಿಸುಗುಟ್ಟಿತು.
ಹೌದು ತಂಗಿ. ನಾಲ್ಕೂವರೆ ತಾಸು.
ದಾಟಿದ ಮೇಲೆ ಹಾಕಿದರೆ ಅದೇ ಔಷಧ
ತಲೆಯೊಳಗೆ ಕೆನಾಲು ಒಡೆದಂತೆ.

ಹುಡುಗಿ ಪ್ಲಾಸ್ಟಿಕ್ ಚೀಲ ಬಿಚ್ಚಿತು.
ಅಪ್ಪನ ಬುತ್ತಿ ಡಬ್ಬಿ, ಕನ್ನಡಕ,
ರಬ್ಬರ್ ಬ್ಯಾಂಡು ಹಾಕಿದ ಕಾಟಾ ಚೀಟಿಗಳ ಕಟ್ಟು.
ಹೊತ್ತನ್ನು ಮಷಿನ್ನೇ ಅಚ್ಚೊತ್ತುತ್ತದೆ:
ಲಾರಿ ನಂಬರು, ತುಂಬಿದ ತೂಕ, ಖಾಲಿ ತೂಕ, ಕೆಳಗೆ ಸಹಿ.
1:36. ಹುಸೇನಪ್ಪ, ಹುವಿನ ಕೊಂಬು ಠೀವಿಯಿಂದ ಸುತ್ತಿ.
1:58. ಹುಸೇನಪ್ಪ.
2:21. ಹುಸೇ, ಆಮೇಲೆ ಬರೀ ಗೆರೆ,
ಇಳಿದು ಇಳಿದು ಕಾಗದದ ಅಂಚು ದಾಟಿದೆ.

"ಒಂದೂ ಐವತ್ತೆಂಟು!" ಕೂಗಿದೆ.
ಆರೂ ಇಪ್ಪತ್ತೆಂಟರವರೆಗೆ ಹೊತ್ತು ನಮ್ಮದು.
ಯಂಕಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಸಿಟಿ ಮಷಿನ್ನು ಇವತ್ತು ಕೆಟ್ಟಿರಲಿಲ್ಲ.
ಬಸಲಿಂಗ ಚಹಾ ಬಿಟ್ಟು ಓಡಿಬಂದ.
ಡಾಕ್ಟರ್ ನಸೀಮಾ ತಲೆಯ ಚಿತ್ರ ಫೋನಿನಲ್ಲಿ ಕಳಿಸಿದರು;
ಹುಬ್ಬಳ್ಳಿಯ ದನಿ ಹೇಳಿತು: "ರಕ್ತ ಸೋರಿಲ್ಲ. ತೂಕ ಎಷ್ಟು?"

ತೂಕ.
ಮಲಗಿದವರನ್ನು ತೂಗುವ ಕಾಟಾ ನಮ್ಮಲ್ಲಿಲ್ಲ.
ಗುಣಮಟ್ಟ ನೋಡಲು ಬಂದವರು ಹೋದ ತಿಂಗಳೇ ಬರೆದುಹೋಗಿದ್ದಾರೆ:
ಗೋಡೆಯ ಬಣ್ಣಕ್ಕೆ ಪೂರಾ ಅಂಕ, ಇದಕ್ಕೆ ಸೊನ್ನೆ.
ಸೀಮೆಯ ಭತ್ತವನ್ನೆಲ್ಲ ತೂಗಿದವನ ತೂಕ
ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.
"ದೀಪಾವಳಿ ಪೂಜಾದಾಗ ಲಾರಿ ಕಾಟಾದ ಮ್ಯಾಲೆ ನಿಂತಿದ್ದ,
ಅರವತ್ತು ಬಂದಿತ್ತು," ಅಂದಿತು ಹುಡುಗಿ,
"ಆದ್ರ ಅದು ಹತ್ತತ್ತರ ಲೆಕ್ಕದಾಗ ತೋರಿಸ್ತೈತ್ರಿ."

ಬಸಲಿಂಗ ಅವನನ್ನು ಕೂಸಿನಂತೆ ಎತ್ತಿಕೊಂಡು
ಮೂಲೆಯ ಸಣ್ಣ ಮಷಿನ್ನಿನ ಮೇಲೆ ನಿಂತ: ನೂರಾ ಮೂವತ್ತೊಂದು.
ಇಳಿಸಿ ಬಂದು ಒಬ್ಬನೇ ನಿಂತ: ಎಪ್ಪತ್ನಾಲ್ಕು.
ತುಂಬಿದ್ದು. ಖಾಲಿ. ಕಳೆದೆ.
ಐವತ್ತೇಳು ಕೆಜಿ ಹುಸೇನಪ್ಪ.

5:59ಕ್ಕೆ ಸೂಜಿ.
ಬಾಗಿಲಿನಿಂದ ಸೂಜಿಗೆ ನಲವತ್ತೇಳು ನಿಮಿಷ,
ಫಾರ್ಮಿನಲ್ಲಿ ಅದಕ್ಕೊಂದು ಖಾನೆ ಇದೆ. ಗರಿಗೆ ಇಲ್ಲ.
ಗರಿಯನ್ನು ನಾನೇ ತೆಗೆದು, ಯಂಕಮ್ಮ ನೋಡದಂತೆ,
ಹಳದಿ ಬುಟ್ಟಿಗೆ ಹಾಕಿದೆ.

ಆರನೇ ದಿನ ಹೊರಟ. ಕಾಲು ಇನ್ನೂ ಎಳೆಯುತ್ತದೆ.
ಮಾತು ಅರ್ಧ ಬರುತ್ತದೆ, ಬೇರೆಯೇ ಬರುತ್ತದೆ:
ಹೆಂಡತಿಯನ್ನು "ಲಾರಿ" ಎಂದು ಕರೆಯುತ್ತಾನೆ,
ಅವಳು ಹ್ಞೂಂ ಅನ್ನುತ್ತಾಳೆ.
ಬಿಡುಗಡೆಯ ಕಾಗದಕ್ಕೆ ಹೆಬ್ಬೆಟ್ಟಿನ ಮಸಿ ಮುಂದಿಟ್ಟೆ.
ತಲೆಯಾಡಿಸಿದ. ನನ್ನ ಜೇಬಿನ ಪೆನ್ನಿಗೆ ಕೈ ಚಾಚಿದ.

ಹು ಬರೆಯಲು ಎಷ್ಟು ಹೊತ್ತು ಹಿಡಿಯಿತೋ,
ಗಡಿಯಾರ ನೋಡಲಿಲ್ಲ ನಾನು.