ಹದಿನಾಲ್ಕರ ಸ್ಪ್ಯಾನರ್

ಬೈತಖೋಲದ ಧಕ್ಕೆಯಲ್ಲಿ ಬೆಳಗಿನ ಜಾವ ಮೂರು ಗಂಟೆ.
ಐಸು ತುಂಬಿ ಆಗಿದೆ, ಡೀಸೆಲ್ ತುಂಬಿ ಆಗಿದೆ,
'ಖಾಪ್ರಿ ಪ್ರಸಾದ' ಹೊರಡಬೇಕು.
ಅಪ್ಪ ಇಂಜಿನ್ನಿನ ಮುಚ್ಚಳಕ್ಕೆ ಕೊನೆಯ ಬೋಲ್ಟು ಕೂರಿಸಿ
ಬನಿಯನ್ನಿಗೆ ಕೈ ಒರೆಸಿಕೊಂಡ.
ನಾನು ಎಣಿಸಿದೆ. ಇಪ್ಪತ್ತೆರಡು ಇರಬೇಕು.
ಇಪ್ಪತ್ತೊಂದು.
ಹದಿನಾಲ್ಕರ ಸ್ಪ್ಯಾನರ್ ಇಲ್ಲ.

ಬಿಚ್ಚು ಅಪ್ಪಾ, ಅಂದೆ.

ತಾಂಡೇಲ ವಿಠೋಬ ಬೀಡಿ ಉಗುಳಿದ:
"ವಾಮನಣ್ಣ, ಇದು ಬೋಟು. ನಿನ್ನ ಮಗಳ ಇಮಾನ ಅಲ್ಲ."

ಎರಡು ವರ್ಷದಿಂದ ಓದುತ್ತಿದ್ದೇನೆ,
ವಿಮಾನ ರಿಪೇರಿಯ ಲೈಸೆನ್ಸಿಗೆ.
ಮೊದಲು ಗಣಿತ, ಆಮೇಲೆ ಭೌತಶಾಸ್ತ್ರ,
ಕರೆಂಟು, ಲೋಹ, ರೆಕ್ಕೆಯ ಮೇಲಿನ ಗಾಳಿ.
ಹಾರಿಸ್ತೀಯಾ? ಎಂದು ಕೇರಿಯವರು ಕೇಳುತ್ತಾರೆ.
ಇಲ್ಲ, ಬಿಚ್ಚಿ ಜೋಡಿಸ್ತೇನೆ ಅಂದರೆ
ಅಷ್ಟಕ್ಕೆ ಇಷ್ಟು ಓದಬೇಕಾ ಅನ್ನುತ್ತಾರೆ.

ಕೆಲವು ಪಾಠ ಅಪ್ಪನಿಂದ ಮೊದಲೇ ಬಂದಿತ್ತು, ಹೆಸರಿಲ್ಲದೆ.
ಬೇರೆ ಬೇರೆ ಲೋಹ ಉಪ್ಪುನೀರಲ್ಲಿ ಮೈ ತಾಗಿಸಿದರೆ
ಒಂದು ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ:
ಪುಸ್ತಕದಲ್ಲಿ ಇದಕ್ಕೆ ನಾಲ್ಕು ಪುಟ.
ಬೋಟಿನ ಹೊಟ್ಟೆಗೆ ಸತುವಿನ ಗಟ್ಟಿ ಕೂರಿಸುತ್ತ ಅಪ್ಪ ಹೇಳಿದ್ದು
"ಇದು ತಿನ್ನಿಸ್ಕೊಳ್ಳಲಿಕ್ಕೇ ಇರೋದು."
ಬಿರುಕು ಹುಡುಕಲು ಅಲ್ಲಿ ಕೆಂಪು ದ್ರವ, ಬಿಳಿ ಪುಡಿ;
ಸವರಿ, ಕಾದು, ಒರೆಸಿ, ಸಿಂಪಡಿಸಿದರೆ
ಕಣ್ಣಿಗೆ ಕಾಣದ್ದು ಗೆರೆಯಾಗಿ ಒಸರುತ್ತದೆ.
ಅಪ್ಪನದು ಸೀಮೆಎಣ್ಣೆ, ಚಾಕ್‌ಪೀಸು.
ಚಾಕ್‌ಪೀಸು ನಾನು ಮೂರನೇ ಕ್ಲಾಸಿನಿಂದ ಕದ್ದು ತಂದದ್ದು.

ಕೆಲವು ಅವನ ಹತ್ತಿರ ಇರಲಿಲ್ಲ.
ಬೋಲ್ಟು ಎಷ್ಟು ಬಿಗಿಯೆಂದು ಅವನಿಗೆ ಮೊಣಕೈ ಹೇಳುತ್ತದೆ.
ನನಗೆ ಟಾರ್ಕ್ ರೆಂಚು ಟಕ್ ಅನ್ನಬೇಕು.
ನಿನ್ನೆ ಜ್ವರ ಬಂದ ಮೊಣಕೈ
ಇವತ್ತು ಅದೇ ಮಾತು ಹೇಳುತ್ತದಾ, ಕೇಳಿದೆ.
ಅವನಿಗೆ ಸಿಟ್ಟು ಬಂತು. ಎರಡು ದಿನ ಮಾತಿಲ್ಲ.

ಬೋಲ್ಟಿಗೆ ಕಾವಲು ತಂತಿ ಹೆಣೆಯುವುದು:
ಅಂಗುಲಕ್ಕೆ ಏಳೆಂಟು ಸುತ್ತು,
ಸಡಿಲಾಗಹೊರಟರೆ ಬಿಗಿಯ ಕಡೆಗೇ ಎಳೆಯಬೇಕು.
ಅಬ್ಬಲಿಗೆ ದಂಡೆ ಕಟ್ಟುವ ಬೆರಳಿಂದ
ಅವ್ವ ಒಂದು ಹೆಣೆದು ಕೊಟ್ಟಳು.
ಚಂದ ಬಂದಿತ್ತು, ದಿಕ್ಕು ತಪ್ಪಿತ್ತು.
ಕತ್ತರಿಸಿದೆ.

ನೂರಕ್ಕೆ ಎಪ್ಪತ್ತೈದು ಬಂದರೆ ಪಾಸು.
ಉಳಿದ ಇಪ್ಪತ್ತೈದರಲ್ಲಿ ಯಾವ ನಟ್ಟು ಇದೆಯೋ
ಎಂದು ನಿದ್ದೆ ಬರುವುದಿಲ್ಲ.

ಒಂಬತ್ತನೆಯ ಮಾಡ್ಯೂಲಿನಲ್ಲಿ ಲೋಹವಿಲ್ಲ, ಮನುಷ್ಯನಿದ್ದಾನೆ.
ನಿದ್ದೆಗೆಟ್ಟವನು, ಅವಸರದವನು,
ಯಾವಾಗಲೂ ಸರಿಯೇ ಇರ್ತದೆ ಅನ್ನುವವನು,
ಕಂಡರೂ ಹೇಳಲು ಅಂಜುವವನು.
ಓದುವಾಗ ನನಗೆ ವಿಠೋಬನ ಮುಖವೇ ಬರುತ್ತಿತ್ತು.

ಅಪ್ಪ ಬಿಚ್ಚಿದ.
ನಾನು ಟಾರ್ಚು ಹಿಡಿದೆ. ಎಣ್ಣೆಯೊಳಗೆ ಮೊಣಕೈವರೆಗೆ ಕೈ ಬಿಟ್ಟು
ಮೂಲೆಮೂಲೆ ತಡವಿದ.
ಉಳಿದ ಬೋಟುಗಳು ಒಂದೊಂದಾಗಿ
ದೀಪಸ್ತಂಭದ ನಡುಗಡ್ಡೆ ದಾಟಿ ಹೋದವು.
ಏನೂ ಇಲ್ಲ. ನಾಲ್ಕೂ ಕಾಲು.

ಪೆನ್ಸಿಲಿಗೆಂದು ಚೀಲ ತೆರೆದೆ.
ಪುಸ್ತಕದ ನಡುವೆ ಇತ್ತು.
ರಾತ್ರಿ ಗಾಳಿಗೆ ಹಾಳೆ ಹಾರದಿರಲೆಂದು ನಾನೇ ಇಟ್ಟದ್ದು,
ಒಂಬತ್ತನೆಯ ಮಾಡ್ಯೂಲಿನಲ್ಲಿ.

ಹಗ್ಗದ ಸುರುಳಿಯಲ್ಲಿ ಸಿಕ್ಕಿತು ಅನ್ನಬಹುದಿತ್ತು.
ಕತ್ತಲೆ ಸಾಕಷ್ಟಿತ್ತು.
ನನ್ನ ಹತ್ತಿರವೇ ಇತ್ತು, ಅಂದೆ.

ವಿಠೋಬ ಅಂದದ್ದನ್ನು ಬರೆಯುವ ಹಾಗಿಲ್ಲ.
ಅಪ್ಪ ಸ್ಪ್ಯಾನರ್ ತಗೊಂಡ, ಎಣ್ಣೆ ಅಂಟಿದ ಹಾಳೆ ನೋಡಿದ,
ಮುಚ್ಚಳ ಮುಚ್ಚಿದ.

ಭಾನುವಾರ ಶೆಡ್ಡಿಗೆ ಹೋದರೆ
ಗೋಡೆಗೆ ಒಂದು ಪ್ಲೈವುಡ್ ಹಲಗೆ,
ಒಂದೊಂದು ಸಾಮಾನಿಗೂ ಮೊಳೆ, ಸುತ್ತ ಪೆನ್ಸಿಲಿನ ಗೆರೆ.
ಹದಿನಾಲ್ಕರ ಜಾಗದಲ್ಲಿ ಗೆರೆ ಮಾತ್ರ.

ಎಲ್ಲಿ? ಅಂದೆ.
ಅಪ್ಪ ಲುಂಗಿಯ ಮಡಿಕೆಯಿಂದ ಅದನ್ನು ತೆಗೆದು
ಮೊಳೆಗೆ ತೂಗುಹಾಕಿದ.
"ಕೇಳ್ತೀಯೋ ಇಲ್ವೋ ಅಂತ ನೋಡ್ದೆ."