ಸೊನ್ನೆಯಿಂದ ನಾಲ್ಕರವರೆಗೆ

ಕಾಗದ ಬಂದದ್ದು ಬರ್ಗೆನ್ ಎಂಬ ಊರಿಂದ.
ಅಲ್ಲಿ ವರ್ಷವಿಡೀ ಮಳೆಯಂತೆ, ಹಾಗಾಗಿಯೋ ಏನೋ
ಪ್ರಶ್ನೆಗಳೆಲ್ಲ ಮನೆಯೊಳಗೇ ಕೂತಿವೆ:
ಮೆಟ್ಟಿಲು ಹತ್ತಲು ಕಷ್ಟವೇ?
ಸ್ನಾನದ ತೊಟ್ಟಿಗೆ ಇಳಿಯಲು ಕಷ್ಟವೇ?
ಎಂದೂ ಇಲ್ಲವೆಂದರೆ ಸೊನ್ನೆ, ಯಾವಾಗಲೂ ಎಂದರೆ ನಾಲ್ಕು.
ಧಿವೇಹಿಗೆ ಇಳಿಸುವ ಕೆಲಸ ನನ್ನದು.

ಈ ದ್ವೀಪದಲ್ಲಿ ಮೆಟ್ಟಿಲೆಂದರೆ ಜೆಟ್ಟಿಯವು, ಐದು.
ಉಬ್ಬರವಿದ್ದಾಗ ಮೂರು.

ಲೈಶಾನ್‌ಗೆ ಒಂಬತ್ತು.
ಥಲಸ್ಸೇಮಿಯಾ ಅನ್ನುವುದನ್ನು ತಡವರಿಸದೆ ಹೇಳುತ್ತಾನೆ,
ಮನೆಗೆ ಬಂದವರು ಎದ್ದು ಹೋಗದಿದ್ದರೆ
ಅವರ ಹೆಸರೂ ಅಭ್ಯಾಸವಾಗುತ್ತದಲ್ಲ, ಹಾಗೆ.
ಮೂರು ವಾರಕ್ಕೊಮ್ಮೆ ನಸುಕಿನ ದೋಣಿ ಹತ್ತಿ ಮಾಲೆಗೆ:
ಒಂದು ಚೀಲ ರಕ್ತ, ಒಂದು ಪೊಟ್ಟಣ ಬಿಸ್ಕತ್ತು, ಮರುದಿನ ವಾಪಸು.
ರಕ್ತದ ಜೊತೆ ಕಬ್ಬಿಣವೂ ಒಳಸೇರುತ್ತದೆ; ಅದನ್ನು ಹೊರಹಾಕಲು
ರಾತ್ರಿಯೆಲ್ಲ ಹೊಟ್ಟೆಗೆ ಚುಚ್ಚಿದ ಸೂಜಿ,
ದಿಂಬಿನ ಪಕ್ಕ ಗುಂಯ್‌ಗುಟ್ಟುವ ಪಂಪು.

ದಣಿವು ಎಂಬ ಒಂದು ಮಾತಿನಲ್ಲಿ ಹದಿನೈದು ದಿನ ಸಿಕ್ಕಿಬಿದ್ದೆ.
ದಣಿವು ಎಂದು ಕಳಿಸಿದ್ದು
ಮರು ಅನುವಾದದಲ್ಲಿ ಬೇಸರವಾಗಿ ಮರಳಿತು.
ತಿದ್ದಿ ಕಳಿಸಿದೆ, ಸೋಮಾರಿತನವಾಗಿ ಬಂತು.
ಕೊನೆಗೆ ಹುಡುಗನನ್ನೇ ಕೇಳಿದೆ:
ರಕ್ತಕ್ಕೆ ಹೋಗುವ ಹಿಂದಿನ ದಿನ ಮೈ ಹೇಗಿರುತ್ತೆ?
"ಮರಳಿನ ಮೇಲೆ ಎಳೆದಿಟ್ಟ ದೋಣಿ," ಅಂದ.
ಅದಕ್ಕೆ ಎಷ್ಟು ಅಂಕ? ಎರಡೇ? ಮೂರೇ?

ಮುಂದಿನ ಪ್ರಶ್ನೆ: ಬೇರೆ ಮಕ್ಕಳ ಸಮಕ್ಕೆ ಇರಲು ಕಷ್ಟವೇ?
"ಬೇರೆ ಮಕ್ಕಳು ಅಂದರೆ ಯಾರು?"
ತರಗತಿಯಲ್ಲಿ ಹನ್ನೊಂದು ಮಂದಿ, ಮೂವರಿಗೆ ಇದೇ ಕಾಯಿಲೆ.
ಒಂದೇ ದೋಣಿಯ ಪಯಣಿಗರು ಎಂಬುದು
ಇಲ್ಲಿ ಗಾದೆಯಲ್ಲ, ಶುಕ್ರವಾರದ ವೇಳಾಪಟ್ಟಿ.

ಮತ್ತೆ ಅವನು ಕೇಳದೆಯೇ ಹೇಳಿದ:
"ನನ್ನೊಳಗೆ ಪೊಲೀಸ್ ಯೂಸ್ರೀ ಇದ್ದಾನೆ.
ಅವನ ರಕ್ತ ಬಂದ ವಾರ ನನಗೆ ಹೆದರಿಕೆಯೇ ಇರಲಿಲ್ಲ.
ಶೌಫಾ ಟೀಚರದ್ದು ಬಂದಾಗ ಭಾಗಾಕಾರ ಬಂತು.
ದೋಣಿಯ ಜಲೀಲಪ್ಪನದು ಬಂದಾಗಿನಿಂದ
ವಾಂತಿ ಆಗುವುದು ನಿಂತಿದೆ."
ಎಲ್ಲವನ್ನೂ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.
ಅಂಚನ್ನು ಕಂಪ್ಯೂಟರು ಓದುವುದಿಲ್ಲ.

ತಾಯಂದಿರಿಗೆ ಬೇರೆ ಹಾಳೆ, ಪ್ರಶ್ನೆಗಳು ಅವೇ.
ನಹುಲಾ ತನ್ನದನ್ನು ಒಲೆಯ ಪಕ್ಕ ತುಂಬಿದಳು,
ಮೂಲೆಯಲ್ಲಿ ಮೀನಿನ ಸಾರಿನ ಹನಿ ಬಿತ್ತು.
ನಿದ್ದೆಗೆ ತೊಂದರೆ ಇದೆಯೇ?
ಮಗನ ಹಾಳೆಯಲ್ಲಿ ಸೊನ್ನೆ, ತಾಯಿಯದರಲ್ಲಿ ನಾಲ್ಕು.

ಬರ್ಗೆನ್ನಿಂದ ಡಾಕ್ಟರ್ ಇಂಗ್ವಿಲ್ ಬರೆದರು, ಬಹಳ ಸೌಜನ್ಯದಿಂದ:
ಮಗುವಿನ ಉತ್ತರಕ್ಕೂ ಪಾಲಕರ ಉತ್ತರಕ್ಕೂ ಹೊಂದಿಕೆ ಕಡಿಮೆ ಇದೆ,
ಅನುವಾದದಲ್ಲಿ ಎಲ್ಲೋ ತಪ್ಪಿರಬಹುದು,
ದಯವಿಟ್ಟು ಇನ್ನೊಮ್ಮೆ ನೋಡಿ.

ನೋಡಿದೆ.
ಸೂಜಿ ಚುಚ್ಚಿಕೊಂಡು ಅವನು ಮಲಗುತ್ತಾನೆ,
ಸತ್ತಂತೆ ಎನ್ನಬಾರದು, ಬುಡ ತಾಗಿದ ಲಂಗರಿನಂತೆ.
ಪಂಪಿನ ಗುಂಯ್ ಗೋಡೆಯಾಚೆ ಅವಳು ಎಣಿಸುತ್ತಾಳೆ.
ಸದ್ದು ನಿಂತರೆ ಏಳುತ್ತಾಳೆ. ನಿಲ್ಲದಿದ್ದರೂ ಏಳುತ್ತಾಳೆ.
ಅನುವಾದ ಸರಿಯಿದೆ ಎಂದು ಉತ್ತರಿಸಿದೆ,
ಇದು ಒಂದೇ ರಾತ್ರಿ, ಇಬ್ಬರು ಹಂಚಿಕೊಂಡದ್ದು.
ಆ ಕೊನೆಯ ಸಾಲನ್ನು ಅಳಿಸಿ ಕಳಿಸಿದೆ.

ಹೊರಡುವಾಗ ಜೆಟ್ಟಿಯ ಮೂರನೇ ಮೆಟ್ಟಿಲಲ್ಲಿ ಕೂತು
ಈಗ ತನ್ನ ಸರದಿ ಎಂಬಂತೆ ಲೈಶಾನ್ ಕೇಳಿದ:
"ನಿಮ್ಮ ರಕ್ತ ಯಾವ ಗುಂಪು?"
ಓ ಪಾಸಿಟಿವ್.
"ನನ್ನದೂ ಅದೇ. ಈಜು ಬರುತ್ತಾ?"
ಇಲ್ಲ, ನಾನು ಮಾಲೆಯಲ್ಲಿ ಬೆಳೆದವಳು, ಆರನೇ ಮಹಡಿಯಲ್ಲಿ.
ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದ.
"ಹಾಗಾದರೆ ಸದ್ಯಕ್ಕೆ ಬೇಡ," ಅಂದ,
"ಕಲಿತ ಮೇಲೆ ಬನ್ನಿ."